ಬಡವರಿಗೆಂದು ಕಟ್ಟಿದ ಶಾಲೆ, ಸಿರಿವಂತರು ಕಟ್ಟುವ ಫೀಸು: ವಸತಿ ಶಾಲೆಯ ಬಿಲ್ಲಿಗೂ ಒಂದು ಇತಿಹಾಸವಿದೆ

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ)

ಡಿಸೆಂಬರ್ ದಾಟಿದ ಮೇಲೆ ನಮ್ಮ ಊರುಗಳ ಬಸ್ ಸ್ಟ್ಯಾಂಡುಗಳಲ್ಲಿ ಒಂದು ಬದಲಾವಣೆ ಕಾಣುತ್ತೆ. ಸಿನಿಮಾ ಪೋಸ್ಟರ್ ಪಕ್ಕದಲ್ಲಿ ವಸತಿ ಶಾಲೆಗಳ ಫ್ಲೆಕ್ಸ್ ಏಳ್ತವೆ. ‘ಆರನೇ ತರಗತಿಯಿಂದ ಪ್ರವೇಶ ಆರಂಭ’, ‘ಹಾಸ್ಟೆಲ್ ಸೌಲಭ್ಯವಿದೆ’, ಕೆಳಗೆ ಹೋದ ವರ್ಷ ರ‍್ಯಾಂಕ್ ಬಂದ ಮಕ್ಕಳ ಫೋಟೊ. ಮನೆಗಳಲ್ಲಿ ಅದೇ ಮಾತು. ಯಾವ ಶಾಲೆ? ಎಷ್ಟು ದೂರ? ಕೊನೆಗೆ, ದನಿ ತಗ್ಗಿಸಿ ಕೇಳುವ ಪ್ರಶ್ನೆ: ಎಷ್ಟಂತೆ?

ಇವತ್ತಿನ ಸಂಚಿಕೆ ಆ ‘ಎಷ್ಟಂತೆ’ ಬಗ್ಗೆ. ಆದರೆ ಈ ವರ್ಷ ಯಾವ ಶಾಲೆ ಎಷ್ಟು ತಗೊಳ್ತಿದೆ ಅನ್ನೋ ಪಟ್ಟಿಯನ್ನ ನಾನು ಓದೋದಿಲ್ಲ. ಮಗುವೊಂದು ಮನೆ ಬಿಟ್ಟು ಬೇರೆಲ್ಲೋ ಉಂಡು, ಮಲಗಿ, ಓದಬೇಕಾದರೆ ಅದರ ಖರ್ಚನ್ನು ಯಾರೋ ಹೊರಲೇಬೇಕು. ಚರಿತ್ರೆಯಲ್ಲಿ ಅದನ್ನ ಯಾರು ಹೊತ್ತರು? ರಾಜನಾ, ಮಠವಾ, ಜಾತಿ ಸಂಘವಾ, ಸರ್ಕಾರವಾ, ಅಪ್ಪ ಅಮ್ಮನಾ? ಈ ಪ್ರಶ್ನೆಯನ್ನ ಹಿಡ್ಕೊಂಡು ಆರು ಶತಮಾನ ಹಿಂದಕ್ಕೆ ಹೋಗಿ ಬರೋಣ. ಬಂದ ಮೇಲೆ ಆ ಫ್ಲೆಕ್ಸ್ ನಿಮಗೆ ಸ್ವಲ್ಪ ಬೇರೆ ಥರ ಕಾಣಬಹುದು.

ಎಪ್ಪತ್ತು ಬಡ ಹುಡುಗರು

ಶುರು ಮಾಡೋದು ಇಂಗ್ಲೆಂಡಿನಿಂದ. ಯಾಕಂದ್ರೆ ಇವತ್ತು ನಾವು ‘ಬೋರ್ಡಿಂಗ್ ಸ್ಕೂಲ್’ ಅಂದಾಗ ಕಣ್ಣ ಮುಂದೆ ಬರುವ ಚಿತ್ರ, ಅಂದರೆ ಬ್ಲೇಜರ್ ಕೋಟು, ಹೌಸ್‌ಗಳು, ಪ್ರಿಫೆಕ್ಟ್‌ಗಳು, ಸಂಜೆಯ ಆಟ, ಇವೆಲ್ಲ ಅಲ್ಲಿಂದ ಬಂದದ್ದು.

14ನೇ ಶತಮಾನದ ನಡುವೆ, 1348-49ರಲ್ಲಿ, ಇಂಗ್ಲೆಂಡಿಗೆ ಪ್ಲೇಗ್ ಮಾರಿ ಬಂತು. ಜನ ಹುಳುಗಳ ಹಾಗೆ ಸತ್ತರು. ಪಾದ್ರಿಗಳೂ ಉಳೀಲಿಲ್ಲ. ಚರ್ಚಿಗೂ ಆಡಳಿತಕ್ಕೂ ಲ್ಯಾಟಿನ್ ಬಲ್ಲವರೇ ಸಾಲದಾದರು. ವಿಂಚೆಸ್ಟರ್‌ನ ಬಿಷಪ್ ಆಗಿದ್ದ ವಿಲಿಯಂ ಆಫ್ ವೈಕಮ್ 1382ರಲ್ಲಿ ಅಲ್ಲೊಂದು ಶಾಲೆ ಸ್ಥಾಪಿಸಿದ. ಎಪ್ಪತ್ತು ವಿದ್ಯಾರ್ಥಿಗಳು. ಊಟ, ಬಟ್ಟೆ, ವಸತಿ, ಪಾಠ ಎಲ್ಲ ಉಚಿತ. ಖರ್ಚಿಗೆ ಜಮೀನುಗಳನ್ನ ದತ್ತಿ ಬಿಟ್ಟ, ಅದರ ಗೇಣಿಯಿಂದ ಶಾಲೆ ನಡೀಬೇಕು. ನಮ್ಮಲ್ಲಿ ದೇವಸ್ಥಾನಕ್ಕೆ ಉಂಬಳಿ ಬಿಡ್ತಿದ್ದರಲ್ಲ, ಅದೇ ಲೆಕ್ಕ. ಶಾಲೆಯ ನಿಯಮಾವಳಿಯಲ್ಲಿ ಸ್ಪಷ್ಟವಾಗಿ ಬರೆದಿತ್ತು: ಈ ಹುಡುಗರು ಬಡವರೂ ನೆರವು ಬೇಕಾದವರೂ ಆಗಿರಬೇಕು.

1440ರಲ್ಲಿ ಆರನೇ ಹೆನ್ರಿ ದೊರೆ ಅದೇ ಮಾದರಿಯಲ್ಲಿ ಈಟನ್ ಶಾಲೆ ಕಟ್ಟಿಸಿದ. ಅಲ್ಲೂ ಎಪ್ಪತ್ತು ವಿದ್ಯಾರ್ಥಿಗಳು, ಅಲ್ಲೂ ದತ್ತಿ ಭೂಮಿ, ಅಲ್ಲೂ ಉಚಿತ. ಹೌದು, ನೀವು ಸರಿಯಾಗಿಯೇ ಕೇಳಿಸಿಕೊಂಡ್ರಿ. ಇವತ್ತು ವರ್ಷದ ಫೀಸು ಐವತ್ತು ಸಾವಿರ ಪೌಂಡ್ ದಾಟಿರುವ, ಬ್ರಿಟನ್ನಿಗೆ ಸಾಲು ಸಾಲು ಪ್ರಧಾನಿಗಳನ್ನ ಕೊಟ್ಟ ಈಟನ್, ಶುರುವಾದದ್ದು ಬಡ ಹುಡುಗರ ಧರ್ಮಶಾಲೆಯಾಗಿ.

ಹಾಗಾದ್ರೆ ಸಿರಿವಂತರು ಎಲ್ಲಿಂದ ಬಂದರು? ಒಂದು ಸಣ್ಣ ಕಿಂಡಿಯಿಂದ. ವಿಂಚೆಸ್ಟರ್ ನಿಯಮಾವಳಿಯಲ್ಲೇ ಒಂದು ಸಾಲಿತ್ತು. ಶಾಲೆಗೆ ಬೇಕಾದ ದೊಡ್ಡ ಮನೆತನದವರ ಮಕ್ಕಳು ಹತ್ತು ಮಂದಿಯನ್ನು ಸೇರಿಸಿಕೊಳ್ಳಬಹುದು, ಆದರೆ ಅವರ ಖರ್ಚು ಶಾಲೆಯ ಮೇಲೆ ಬೀಳಬಾರದು ಅಂತ. ಈಟನ್‌ನಲ್ಲೂ ಊರೊಳಗೆ ಬಾಡಿಗೆ ಮನೆಗಳಲ್ಲಿ ಉಳ್ಕೊಂಡು, ದುಡ್ಡು ಕೊಟ್ಟು ಓದುವ ಹುಡುಗರಿಗೆ ಅವಕಾಶವಿತ್ತು. ಲ್ಯಾಟಿನ್‌ನಲ್ಲಿ ಊರಿಗಿರುವ ಪದದಿಂದ ಅವರಿಗೆ ‘ಆಪಿಡನ್’ ಅಂತಲೇ ಹೆಸರು ಬಂತು. ಎಪ್ಪತ್ತು ಜನ ಬಡ ವಿದ್ಯಾರ್ಥಿಗಳ ಸಂಖ್ಯೆ ಎಪ್ಪತ್ತಕ್ಕೇ ನಿಂತಿತು. ದುಡ್ಡು ಕೊಡುವವರ ಸಂಖ್ಯೆ ಮಾತ್ರ ಬೆಳೀತಾ ಹೋಯಿತು. ಈಗಲೂ ಈಟನ್‌ನಲ್ಲಿ ಆ ಎಪ್ಪತ್ತು ‘ಕಿಂಗ್ಸ್ ಸ್ಕಾಲರ್’ಗಳಿದ್ದಾರೆ, ಪರೀಕ್ಷೆ ಬರೆದು ಆಯ್ಕೆಯಾಗಿ ಬರ್ತಾರೆ. ಆದರೆ ಶಾಲೆಯಲ್ಲಿರುವ ಒಟ್ಟು ಹುಡುಗರು ಸಾವಿರದ ಮುನ್ನೂರರ ಆಸುಪಾಸು.

ಊರವರು ಕೋರ್ಟಿಗೆ ಹೋದರು

ಹ್ಯಾರೋ ಅನ್ನೋ ಶಾಲೆಯ ಕಥೆ ಇನ್ನೂ ತಮಾಷೆ. ನೆಹರೂ ಓದಿದ ಶಾಲೆ ಅಂತ ನಮಗೆ ಗೊತ್ತಿರೋದು. ಅದನ್ನ 1572ರಲ್ಲಿ ಸ್ಥಾಪಿಸಿದವನು ಜಾನ್ ಲಯನ್ ಅನ್ನೋ ಅನುಕೂಲಸ್ಥ ರೈತ, ತನ್ನ ಊರಿನ ಹುಡುಗರಿಗೆ ಉಚಿತ ವಿದ್ಯೆ ಸಿಗಲಿ ಅಂತ. ಹೊರಗಿನ ಊರಿನವರಿಂದ ದುಡ್ಡು ತಗೊಂಡು ಸೇರಿಸ್ಕೋಬಹುದು ಅಂತಲೂ ಅವನೇ ಅವಕಾಶ ಇಟ್ಟಿದ್ದ. ಮೇಷ್ಟ್ರುಗಳ ಸಂಬಳಕ್ಕೆ ನೆರವಾಗಲಿ ಅಂತ.

ಇನ್ನೂರು ವರ್ಷ ಕಳೆಯೋ ಹೊತ್ತಿಗೆ ಹೊರಗಿನವರೇ ಶಾಲೆ ತುಂಬಿಕೊಂಡರು, ಊರಿನ ಹುಡುಗರು ಬೆರಳೆಣಿಕೆಯಷ್ಟಾದರು. ಸಿರಿವಂತರ ಮಕ್ಕಳ ನಡುವೆ ಊರಿನ ಅಂಗಡಿಯವನ ಮಗ ಕೂರೋದು ಕಷ್ಟವಾಯಿತು. ಕಲಿಸ್ತಿದ್ದದ್ದು ಲ್ಯಾಟಿನ್, ಗ್ರೀಕ್. ಅದನ್ನ ಕಟ್ಕೊಂಡು ಊರಿನ ವ್ಯಾಪಾರಿ ಏನು ಮಾಡ್ತಾನೆ? ಕೊನೆಗೆ ಊರವರು ಕೋರ್ಟು ಹತ್ತಿದರು. 1810ರಲ್ಲಿ ತೀರ್ಪು ಬಂತು. ಊರವರು ಸೋತರು.

ಆಮೇಲೆ ಎರಡು ಸಂಗತಿ ನಡೆದವು. ಒಂದು, 1828ರಿಂದ 1842ರವರೆಗೆ ರಗ್ಬಿ ಶಾಲೆಯ ಮುಖ್ಯೋಪಾಧ್ಯಾಯರಾಗಿದ್ದ ಥಾಮಸ್ ಅರ್ನಾಲ್ಡ್ ವಸತಿ ಶಾಲೆಗೆ ಹೊಸ ಅರ್ಥ ಕೊಟ್ಟರು. ಪಾಠಕ್ಕಿಂತ ಶೀಲ ಮುಖ್ಯ, ದೊಡ್ಡ ಹುಡುಗರೇ ಚಿಕ್ಕವರನ್ನ ನೋಡ್ಕೋಬೇಕು ಅನ್ನೋ ಕಲ್ಪನೆ ಅವರ ಹೆಸರಿನ ಜೊತೆ ಬೆಳೀತು. ಎರಡು, ರೈಲು ಬಂತು. ಮಗನನ್ನ ಟ್ರಂಕಿನ ಸಮೇತ ನೂರಾರು ಮೈಲಿ ದೂರ ಕಳಿಸೋದು ಸುಲಭವಾಯಿತು. ಭಾರತದಂಥ ವಸಾಹತುಗಳಲ್ಲಿ ಕೆಲಸ ಮಾಡೋ ಅಧಿಕಾರಿಗಳು ತಮ್ಮ ಮಕ್ಕಳನ್ನ ಬಿಡೋದಕ್ಕೆ ಒಂದು ಜಾಗವೂ ಬೇಕಿತ್ತು. ಬೇಡಿಕೆ ಏರಿತು.

ಆ ಹೊತ್ತಿಗೆ ಈಟನ್‌ನ ದತ್ತಿಯ ಆದಾಯ ಹುಡುಗರಿಗಿಂತ ಅಲ್ಲಿನ ಫೆಲೋಗಳ ಜೇಬಿಗೆ ಹೆಚ್ಚು ಹೋಗ್ತಿದೆ ಅಂತ ಗುಲ್ಲೆದ್ದಿತು. 1861ರಲ್ಲಿ ಸರ್ಕಾರ ಕ್ಲಾರೆಂಡನ್ ಆಯೋಗ ನೇಮಿಸಿ ಒಂಬತ್ತು ಶಾಲೆಗಳ ಲೆಕ್ಕಪತ್ರ ನೋಡಿಸಿತು. 1868ರಲ್ಲಿ ಏಳು ಶಾಲೆಗಳಿಗೆ ಅನ್ವಯಿಸುವ ‘ಪಬ್ಲಿಕ್ ಸ್ಕೂಲ್ಸ್ ಕಾಯ್ದೆ’ ಬಂತು. ಆಡಳಿತ ಶುದ್ಧವಾಯಿತು, ನಿಜ. ಆದರೆ ಅದೇ ಸುಧಾರಣೆಯಲ್ಲಿ ಊರಿನ ಮಕ್ಕಳಿಗಿದ್ದ ಹಳೇ ಉಚಿತ ಹಕ್ಕುಗಳು ಕಳಚಿಕೊಳ್ತಾ ಹೋದವು. ಹ್ಯಾರೋದವರು ಊರಿನ ಹುಡುಗರಿಗೆ 1876ರಲ್ಲಿ ಬೇರೆಯೇ ಒಂದು ಶಾಲೆ ಮಾಡಿಕೊಟ್ಟರು. ಅಂದ್ರೆ, ಮನೆ ಯಾರಿಗಾಗಿ ಕಟ್ಟಿದ್ರೋ ಅವರಿಗೆ ಹಿತ್ತಲಲ್ಲಿ ಒಂದು ಕೋಣೆ.

ಇಲ್ಲಿ ಒಂದು ಮಾತು ಗಮನಿಸಿ. ಯಾರೂ ಒಂದು ದಿನ ಕೂತು ‘ಬಡವರನ್ನ ಹೊರಗೆ ಹಾಕೋಣ’ ಅಂತ ತೀರ್ಮಾನ ಮಾಡಲಿಲ್ಲ. ದತ್ತಿಯ ಆದಾಯ ನಿಂತಲ್ಲೇ ನಿಂತಿತು, ಖರ್ಚು ಏರಿತು, ಫೀಸು ಕೊಡುವವರು ಬಾಗಿಲಲ್ಲಿ ನಿಂತಿದ್ದರು. ಅಷ್ಟೇ. ಫೀಸಿನ ದುಡ್ಡಿನ ಮೇಲೆ ನಿಂತ ಶಾಲೆ ನಿಧಾನಕ್ಕೆ ಫೀಸು ಕೊಡುವವರ ಶಾಲೆ ಆಗುತ್ತೆ. ಇದೊಂದು ಸೂತ್ರ. ಇದನ್ನ ಜೇಬಲ್ಲಿಟ್ಕೊಂಡು ಈಗ ಭಾರತಕ್ಕೆ ಬರೋಣ.

ಸೈನಿಕರ ಅನಾಥ ಮಕ್ಕಳಿಂದ ಡೂನ್‌ವರೆಗೆ

ನಮ್ಮ ದೇಶದ ಬೆಟ್ಟದೂರುಗಳ ಹೆಸರಾಂತ ಶಾಲೆಗಳಲ್ಲಿ ಲಾರೆನ್ಸ್ ಶಾಲೆಗಳು ಪ್ರಮುಖ. ಹಿಮಾಚಲದ ಸನಾವರ್‌ನದ್ದು 1847ರಲ್ಲಿ, ನಮ್ಮ ಪಕ್ಕದ ಊಟಿಯ ಲವ್‌ಡೇಲ್‌ನದ್ದು 1858ರಲ್ಲಿ ಶುರುವಾದದ್ದು. ಅವುಗಳ ಮೊದಲ ಹೆಸರಲ್ಲಿ ‘ಅಸೈಲಮ್’ ಅಂತಿತ್ತು. ಅಂದ್ರೆ ಆಶ್ರಯಧಾಮ. ಹೆನ್ರಿ ಲಾರೆನ್ಸ್ ಅನ್ನೋ ಅಧಿಕಾರಿಯ ಯೋಜನೆ ಅದು. ಬ್ರಿಟಿಷ್ ಸಿಪಾಯಿಗಳ ಮಕ್ಕಳು, ಅದರಲ್ಲೂ ಅನಾಥರು, ಬಯಲುಸೀಮೆಯ ಕಂಟೋನ್ಮೆಂಟುಗಳ ಬಿಸಿಲಲ್ಲಿ, ಬ್ಯಾರಕ್‌ಗಳ ಕುಡಿತದ ನಡುವೆ ಹಾಳಾಗ್ತಿದ್ದಾರೆ, ಅವರಿಗೊಂದು ತಂಪು ಜಾಗ ಬೇಕು ಅಂತ. ಇಲ್ಲೂ ನೋಡಿ, ಅನಾಥ ಮಕ್ಕಳಿಗೆ ಕಟ್ಟಿದ ಮನೆ. ಇವತ್ತು ಅಲ್ಲಿ ಸೀಟು ಸಿಗೋದು, ಸಿಕ್ಕರೂ ಫೀಸು ಕಟ್ಟೋದು ಯಾರ ಕೈಲಿ ಆಗುತ್ತೆ ಅಂತ ನಾನು ಬೇರೆ ಹೇಳಬೇಕಾಗಿಲ್ಲ.

ಬೆಂಗಳೂರಿಗೂ ಇದರ ಒಂದು ಎಳೆ ಇದೆ. 1865ರಲ್ಲಿ ಇಲ್ಲಿ ಶುರುವಾದ ಬಿಷಪ್ ಕಾಟನ್ ಶಾಲೆಗೆ ಹೆಸರು ಕೊಟ್ಟ ಜಾರ್ಜ್ ಕಾಟನ್, ಕಲ್ಕತ್ತದ ಬಿಷಪ್ ಆಗೋ ಮೊದಲು ರಗ್ಬಿ ಶಾಲೆಯಲ್ಲಿ ಅದೇ ಥಾಮಸ್ ಅರ್ನಾಲ್ಡ್ ಕೈಕೆಳಗೆ ಮೇಷ್ಟ್ರಾಗಿದ್ದವರು. ಇಂಗ್ಲೆಂಡಿನ ಹೌಸ್, ಪ್ರಿಫೆಕ್ಟ್ ಪದ್ಧತಿ ನಮ್ಮಲ್ಲಿಗೆ ಬಂದದ್ದು ಇಂಥ ದಾರಿಗಳಲ್ಲಿ.

ರಾಜಮಕ್ಕಳದ್ದು ಬೇರೆ ಕಥೆ. 1875ರಲ್ಲಿ ಅಜ್ಮೇರಿನಲ್ಲಿ ಮೇಯೋ ಕಾಲೇಜು ಸ್ಥಾಪನೆಯಾಯಿತು. ರಜಪೂತ ಸಂಸ್ಥಾನಗಳ ಕುಮಾರರಿಗೆ. ಇಲ್ಲಿ ದುಡ್ಡು ಕೊಟ್ಟವರು ಸಂಸ್ಥಾನಗಳೇ. ಒಂದೊಂದು ಸಂಸ್ಥಾನ ತನ್ನ ಹುಡುಗರಿಗೆ ತನ್ನದೇ ಹೌಸ್ ಕಟ್ಟಿಸ್ತು. ರಾಜಕುಮಾರರು ಆಳುಕಾಳು, ಕುದುರೆ ಸಮೇತ ಓದೋಕೆ ಬಂದರು. ಕಲಿಸಿದ್ದೇನು? ಬ್ರಿಟಿಷರಿಗೆ ನಿಷ್ಠರಾದ, ಇಂಗ್ಲಿಷ್ ಬಲ್ಲ, ಕ್ರಿಕೆಟ್ ಆಡೋ ರಾಜರಾಗೋದನ್ನ. ದುಡ್ಡು ಸಂಸ್ಥಾನದ್ದಾದರೂ ಪಠ್ಯ ಸಾಮ್ರಾಜ್ಯದ್ದು.

ಡೆಹ್ರಾಡೂನಿನ ಡೂನ್ ಶಾಲೆ 1935ರಲ್ಲಿ ಶುರುವಾದಾಗ ಹಂಬಲ ಬೇರೆ ಇತ್ತು. ಸತೀಶ್ ರಂಜನ್ ದಾಸ್ ಅನ್ನೋ ಕಲ್ಕತ್ತದ ವಕೀಲರ ಕನಸದು. ಜಾತಿ, ಧರ್ಮ ನೋಡದೆ ಎಲ್ಲ ಭಾರತೀಯ ಹುಡುಗರು ಒಟ್ಟಿಗೆ ಉಂಡು, ಒಟ್ಟಿಗೆ ಬೆಳೆಯಲಿ ಅಂತ. ಅವರು ಅದನ್ನ ನೋಡದೆ 1928ರಲ್ಲೇ ತೀರಿಕೊಂಡರು. ಮೊದಲ ಮುಖ್ಯೋಪಾಧ್ಯಾಯ ಆರ್ಥರ್ ಫುಟ್ ಬಂದದ್ದು ಎಲ್ಲಿಂದ ಗೊತ್ತಾ? ಈಟನ್‌ನಿಂದ. ಜಾತಿಯ ಗೋಡೆ ಬಿತ್ತು ಅನ್ನೋಣ. ಆದರೆ ಫೀಸಿನ ಗೋಡೆ ಎದ್ದಿತು.

ನಮ್ಮ ಲೆಕ್ಕವೇ ಬೇರೆ ಇತ್ತು

ಇದಿಷ್ಟು ಕೇಳಿದಾಗ, ವಸತಿ ಶಿಕ್ಷಣ ಅನ್ನೋದೇ ವಿಲಾಯತಿ ಸರಕು ಅನ್ನಿಸಬಹುದು. ಹಾಗೇನಿಲ್ಲ. ಕನ್ನಡ ನಾಡಲ್ಲಿ ಮನೆ ಬಿಟ್ಟು ಓದಿದವರ ಪರಂಪರೆ ದೊಡ್ಡದು. ಆದರೆ ನಮ್ಮಲ್ಲಿ ಒಂದು ವ್ಯತ್ಯಾಸ ಇತ್ತು. ನಮ್ಮಲ್ಲಿ ಪಾಠ ಒಂದು ಕಡೆ, ಊಟ ಇನ್ನೊಂದು ಕಡೆ.

ಅದರ ಹಳೇ ರೂಪ ವಾರಾನ್ನ. ಈಗಿನ ಮಕ್ಕಳಿಗೆ ಈ ಪದ ಗೊತ್ತಿರಲಿಕ್ಕಿಲ್ಲ. ಹಳ್ಳಿಯಿಂದ ಮೈಸೂರಿಗೋ ಧಾರವಾಡಕ್ಕೋ ಓದೋಕೆ ಬಂದ ಬಡ ಹುಡುಗ ವಾರದ ಏಳು ದಿನಕ್ಕೆ ಏಳು ಮನೆ ಗೊತ್ತು ಮಾಡ್ಕೋತಿದ್ದ. ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು. ಒಂದು ಮನೆ ತಪ್ಪಿದರೆ ಆವತ್ತು ತಣ್ಣೀರೇ ಗತಿ. ಎಸ್.ಎಲ್. ಭೈರಪ್ಪನವರು ಹಾಗೆ ವಾರಾನ್ನದಲ್ಲಿ ಓದಿದವರು, ಅವರ ಆತ್ಮಕಥೆ ‘ಭಿತ್ತಿ’ ಓದಿದವರಿಗೆ ಆ ಹಸಿವಿನ ಪರಿಚಯ ಇರುತ್ತೆ. ಫೀಸಿಲ್ಲದ ವಸತಿ ವ್ಯವಸ್ಥೆ ಅದು. ಆದರೆ ಅದಕ್ಕೂ ಬಾಗಿಲಿತ್ತು. ವಾರಾನ್ನ ಕೊಡುವವರೂ ಹೆಚ್ಚಾಗಿ ಬ್ರಾಹ್ಮಣರು, ಉಣ್ಣುವವರೂ ಬ್ರಾಹ್ಮಣ ಹುಡುಗರು. ಒಕ್ಕಲಿಗರ ಹುಡುಗ, ಕುರುಬರ ಹುಡುಗ, ದಲಿತರ ಹುಡುಗ ಪೇಟೆಗೆ ಬಂದರೆ ಎಲ್ಲಿ ಮಲಗಬೇಕು? ಯಾರ ಜಗಲಿಯಲ್ಲಿ? ಶಾಲೆಯ ಬಾಗಿಲು ಕಾಗದದ ಮೇಲೆ ತೆರೆದಿದ್ದರೂ ಊಟದ ಬಾಗಿಲು ಮುಚ್ಚಿತ್ತು.

ಇದನ್ನ ಸರಿಯಾಗಿ ಗುರುತಿಸಿದವರಲ್ಲಿ ಕೊಲ್ಹಾಪುರದ ಶಾಹು ಮಹಾರಾಜರು ಮೊದಲಿಗರು. 1901ರಲ್ಲಿ ಅಲ್ಲಿ ಮರಾಠಾ ವಿದ್ಯಾರ್ಥಿಗಳ ಬೋರ್ಡಿಂಗ್ ಶುರುವಾಯಿತು. ಆಮೇಲೆ ಜೈನರಿಗೆ, ಲಿಂಗಾಯತರಿಗೆ, ಮುಸ್ಲಿಮರಿಗೆ, ಅಸ್ಪೃಶ್ಯರೆನಿಸಿಕೊಂಡವರಿಗೆ, ಹೀಗೆ ಒಂದರ ಹಿಂದೆ ಒಂದು. ಕೊಲ್ಹಾಪುರ ನಮ್ಮ ಬೆಳಗಾವಿಯ ಪಕ್ಕದ್ದೇ, ಗಡಿಯ ಕನ್ನಡಿಗರಿಗೂ ಆ ಗಾಳಿ ತಾಗಿತು. ಮೈಸೂರು ಸಂಸ್ಥಾನದಲ್ಲಿ 1906ರಲ್ಲಿ ಒಕ್ಕಲಿಗರ ಸಂಘ ಹುಟ್ಟಿತು. ಅದೇ ಆಸುಪಾಸಿನಲ್ಲಿ ಲಿಂಗಾಯತ ವಿದ್ಯಾಭಿವೃದ್ಧಿ ನಿಧಿಯೂ ಬಂತು. ಈ ಸಂಘಗಳು ಮಾಡಿದ ಮೊದಲ ಕೆಲಸಗಳಲ್ಲಿ ಒಂದು ಹಾಸ್ಟೆಲ್. ಭತ್ತ ರಾಗಿ ಇರುವವರು ಭತ್ತ ರಾಗಿ, ಕಾಸಿರುವವರು ಕಾಸು ಅಂತ ವಂತಿಗೆ ಎತ್ತಿ ಕಟ್ಟಿದ ಹಾಸ್ಟೆಲ್‌ಗಳು.

ಮಂಗಳೂರಲ್ಲಿ ಕುದ್ಮುಲ್ ರಂಗರಾಯರು 1897ರಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಕಟ್ಟಿ, ದಲಿತ ಮಕ್ಕಳಿಗೆ ಶಾಲೆಯನ್ನೂ ವಿದ್ಯಾರ್ಥಿನಿಲಯವನ್ನೂ ನಡೆಸಿದರು, ಸ್ವಂತ ಜಾತಿಯವರಿಂದಲೇ ಬಹಿಷ್ಕಾರ ಎದುರಿಸಿ. ಹುಬ್ಬಳ್ಳಿಯಲ್ಲಿ ಸರ್ದಾರ್ ವೀರನಗೌಡ ಪಾಟೀಲರು ಮತ್ತು ನಾಗಮ್ಮತಾಯಿ ಹರಿಜನ ಹೆಣ್ಣುಮಕ್ಕಳಿಗೆ ಬಾಲಿಕಾಶ್ರಮ ನಡೆಸಿದರು. ಬೆಂಗಳೂರಲ್ಲಿ ಗೋಪಾಲಸ್ವಾಮಿ ಅಯ್ಯರ್ ದಲಿತ ವಿದ್ಯಾರ್ಥಿಗಳಿಗೆ ಹಾಸ್ಟೆಲ್ ಕಟ್ಟಿದರು.

ಇನ್ನು ಮಠಗಳು. ತುಮಕೂರಿನ ಸಿದ್ಧಗಂಗೆ, ಧಾರವಾಡದ ಮುರುಘಾಮಠ, ಮೈಸೂರು ಸೀಮೆಯ ಸುತ್ತೂರು, ಹೀಗೆ ಪಟ್ಟಿ ಉದ್ದ. ಸಿದ್ಧಗಂಗೆಯ ಶಿವಕುಮಾರ ಸ್ವಾಮಿಗಳು ಜೋಳಿಗೆ ಹಿಡಿದು ಊರೂರು ಸುತ್ತಿ ದವಸ ತಂದವರು. ಅವರು 2019ರಲ್ಲಿ ಲಿಂಗೈಕ್ಯರಾಗುವ ಹೊತ್ತಿಗೆ ಮಠದಲ್ಲಿ ಸುಮಾರು ಹತ್ತು ಸಾವಿರ ಮಕ್ಕಳು ಉಚಿತವಾಗಿ ಉಂಡು ಓದ್ತಾ ಇದ್ದರು. ಎಲ್ಲ ಜಾತಿ, ಎಲ್ಲ ಧರ್ಮದವರು. ಅಲ್ಲಿನ ಬಿಲ್ಲು ಯಾರ ಹೆಸರಿಗೆ? ಸುಗ್ಗಿಯಲ್ಲಿ ಒಂದು ಚೀಲ ರಾಗಿ ಕೊಟ್ಟ ರೈತನ ಹೆಸರಿಗೆ. ತನ್ನ ಮಗ ಆ ಮಠದಲ್ಲಿ ಓದದಿದ್ದರೂ ಕೊಟ್ಟನಲ್ಲ, ಅದು ಮುಖ್ಯ.

ಈ ಹಾಸ್ಟೆಲ್‌ಗಳಲ್ಲಿ ಜಾತಿಯ ವಾಸನೆ ಇರಲಿಲ್ಲ ಅಂತ ನಾನು ಹೇಳ್ತಿಲ್ಲ. ಇತ್ತು. ಎಷ್ಟೋ ಕಡೆ ಹೆಸರಿನ ಬೋರ್ಡಿನಲ್ಲೇ ಇತ್ತು. ಹೆಣ್ಣುಮಕ್ಕಳಿಗೆ ಜಾಗ ಸಿಕ್ಕಿದ್ದು ತುಂಬ ತಡವಾಗಿ. ಆದರೆ ಒಂದು ಮಾತು ನಿಜ. ಕರ್ನಾಟಕದ ಹಳ್ಳಿಗಳಿಂದ ಬಂದ ಮೊದಲ ತಲೆಮಾರಿನ ಮೇಷ್ಟ್ರು, ವಕೀಲರು, ಎಂಜಿನಿಯರುಗಳು, ಶಾಸಕರಲ್ಲಿ ದೊಡ್ಡ ಪಾಲು ಜನ ಇಂಥ ಹಾಸ್ಟೆಲ್ಲಿನ ಮುದ್ದೆ, ರೊಟ್ಟಿ ಉಂಡವರು. ಪಾಠ ಸರ್ಕಾರಿ ಅಥವಾ ಅನುದಾನಿತ ಶಾಲೆಯದ್ದು, ಊಟ ಸಮುದಾಯದ್ದು. ಎರಡು ಬಿಲ್ಲು, ಎರಡನ್ನೂ ಅಪ್ಪ ಪೂರ್ತಿ ಕಟ್ಟಬೇಕಾಗಿರಲಿಲ್ಲ.

ಸರ್ಕಾರ ಬಿಲ್ಲು ಕಟ್ಟಿದ ಕಾಲ

ಡಿ. ದೇವರಾಜ ಅರಸು ಮೈಸೂರಿನ ಅರಸು ಬೋರ್ಡಿಂಗ್ ಶಾಲೆಯಲ್ಲಿ ಓದಿದವರು. ಅರಸು ಜನಾಂಗದ ಹುಡುಗರಿಗೆ ಅರಮನೆಯ ಆಶ್ರಯದಲ್ಲಿ ನಡೀತಿದ್ದ ಶಾಲೆ ಅದು. ಅಲ್ಲಿ ಉಂಡು ಬೆಳೆದ ವ್ಯಕ್ತಿ 1972ರಲ್ಲಿ ಮುಖ್ಯಮಂತ್ರಿಯಾಗಿ, ಹಾವನೂರು ಆಯೋಗ ನೇಮಿಸಿದರು. ಅವರ ಕಾಲದಲ್ಲಿ ಹಿಂದುಳಿದ ವರ್ಗಗಳ ಹಾಸ್ಟೆಲ್ ವ್ಯವಸ್ಥೆಗೆ ಸರ್ಕಾರದ ಬಲ ಬಂತು. ಜಾತಿ ಸಂಘದ ವಂತಿಗೆಯಿಂದ ನಡೀತಿದ್ದ ಕೆಲಸ ಬಜೆಟ್ಟಿನ ಬಾಬತ್ತಾಯಿತು. ಇದು ಸಣ್ಣ ಬದಲಾವಣೆಯಲ್ಲ. ದಾನ ಹಕ್ಕಾದ ಗಳಿಗೆ ಅದು.

ಪೂರ್ತಿ ವಸತಿ ಶಾಲೆಗಳನ್ನೂ ಸರ್ಕಾರ ಕಟ್ಟಿತು. 1963ರಲ್ಲಿ ವಿಜಯಪುರದಲ್ಲಿ ಸೈನಿಕ ಶಾಲೆ ಬಂತು. 1986ರ ರಾಷ್ಟ್ರೀಯ ಶಿಕ್ಷಣ ನೀತಿಯ ಜೊತೆ ನವೋದಯ ವಿದ್ಯಾಲಯಗಳು ಜಿಲ್ಲೆ ಜಿಲ್ಲೆಗೂ ಹಬ್ಬಿದವು. ಐದನೇ ತರಗತಿಯಲ್ಲಿ ಪರೀಕ್ಷೆ ಬರೆದು ಆರಕ್ಕೆ ಸೇರೋದು, ಕನಿಷ್ಠ 75ರಷ್ಟು ಶೇಕಡ ಸೀಟು ಗ್ರಾಮೀಣ ಮಕ್ಕಳಿಗೆ, ಮೂರನೇ ಒಂದು ಭಾಗ ಹೆಣ್ಣುಮಕ್ಕಳಿಗೆ. ಊಟ, ವಸತಿ, ಪುಸ್ತಕ ಉಚಿತ. ಒಂಬತ್ತರಲ್ಲಿ ಒಂದಷ್ಟು ಮಕ್ಕಳು ಬೇರೆ ಭಾಷೆಯ ರಾಜ್ಯದ ನವೋದಯಕ್ಕೆ ಹೋಗಿ ಒಂದು ವರ್ಷ ಇದ್ದು ಬರ್ತಾರೆ. 1990ರ ದಶಕದ ಕೊನೆಯ ಹೊತ್ತಿಗೆ ರಾಜ್ಯ ಸರ್ಕಾರದ ಮೊರಾರ್ಜಿ ದೇಸಾಯಿ, ಕಿತ್ತೂರು ರಾಣಿ ಚೆನ್ನಮ್ಮ ವಸತಿ ಶಾಲೆಗಳೂ ಬಂದವು. ಸತೀಶ್ ರಂಜನ್ ದಾಸ್ ಕಂಡ ಕನಸನ್ನು ಫೀಸಿಲ್ಲದೆ ಮಾಡೋಕೆ ಆಗುತ್ತೆ ಅಂತ ತೋರಿಸಿದ್ದು ಈ ಶಾಲೆಗಳು.

ತೊಂದರೆ ಏನು? ಸೀಟು ಕಡಿಮೆ, ಅರ್ಜಿ ಹಾಕುವವರು ಬಹಳ. ಸೀಟು ಸಿಗದ ಮಕ್ಕಳ ಅಪ್ಪ ಅಮ್ಮಂದಿರು ಎಲ್ಲಿಗೆ ಹೋಗಬೇಕು? ಆ ಫ್ಲೆಕ್ಸ್ ನೆನಪಾಯ್ತಾ, ಅಲ್ಲಿಗೆ.

ಮಾರುಕಟ್ಟೆ ಬಂತು

ಖಾಸಗಿ ಶಿಕ್ಷಣದ ಅಂಗಡಿ ತೆರೆಯೋದರಲ್ಲಿ ಕರ್ನಾಟಕ ದೇಶಕ್ಕೇ ಮುಂದಿತ್ತು. ಕ್ಯಾಪಿಟೇಶನ್ ಅನ್ನೋ ಪದವನ್ನ ನಾವು ಡೊನೇಷನ್ ಅಂತ ಕನ್ನಡಿಸಿಕೊಂಡು ಮನೆಮಾತು ಮಾಡ್ಕೊಂಡ್ವಿ. 1984ರಲ್ಲಿ ರಾಜ್ಯ ಕ್ಯಾಪಿಟೇಶನ್ ಶುಲ್ಕ ನಿಷೇಧ ಕಾಯ್ದೆ ತಂತು. 1992ರಲ್ಲಿ ಮೋಹಿನಿ ಜೈನ್ ಪ್ರಕರಣ ಸುಪ್ರೀಂ ಕೋರ್ಟ್ ಮುಂದೆ ಬಂದಾಗ ವಿಷಯ ಇದೇ: ಕರ್ನಾಟಕದ ಖಾಸಗಿ ಮೆಡಿಕಲ್ ಕಾಲೇಜಿನಲ್ಲಿ ಸರ್ಕಾರಿ ಸೀಟಿಗೆ ವರ್ಷಕ್ಕೆ 2,000 ರೂಪಾಯಿ, ಹೊರ ರಾಜ್ಯದವರಿಗೆ 60,000. ಇದು ನ್ಯಾಯವಾ? ಅಲ್ಲ ಅಂತು ಕೋರ್ಟು. ಹತ್ತು ವರ್ಷದ ಮೇಲೆ, 2002ರಲ್ಲಿ, ಹನ್ನೊಂದು ನ್ಯಾಯಮೂರ್ತಿಗಳ ಪೀಠ ಟಿ.ಎಂ.ಎ. ಪೈ ಪ್ರಕರಣದಲ್ಲಿ ತೀರ್ಪು ಕೊಟ್ಟಿತು. ಅನುದಾನ ಪಡೆಯದ ಖಾಸಗಿ ಸಂಸ್ಥೆ ತನ್ನ ಫೀಸು ತಾನೇ ನಿಗದಿ ಮಾಡಬಹುದು, ಬೆಳವಣಿಗೆಗೆ ಬೇಕಾದ ಮಿಗತೆಯನ್ನೂ ಇಟ್ಕೋಬಹುದು, ಆದರೆ ಲಾಭಕೋರತನ ಮತ್ತು ಕ್ಯಾಪಿಟೇಶನ್ ಕೂಡದು ಅಂತ. ಮಿಗತೆ ಎಲ್ಲಿಗೆ ಮುಗಿದು ಲಾಭಕೋರತನ ಎಲ್ಲಿಂದ ಶುರುವಾಗುತ್ತೆ ಅನ್ನೋ ಜಗಳ ಇವತ್ತಿಗೂ ಮುಗಿದಿಲ್ಲ.

ಈ ಹೊತ್ತಿಗೆ ಇನ್ನೊಂದು ಬದಲಾವಣೆಯೂ ಆಯಿತು. ಹಳೇ ಹಾಸ್ಟೆಲ್ ಪದ್ಧತಿಯಲ್ಲಿ ಬೇರೆ ಬೇರೆ ಇದ್ದ ಊಟದ ಬಿಲ್ಲು, ಪಾಠದ ಬಿಲ್ಲು ಒಂದೇ ಆದವು. ಜೊತೆಗೆ ಮೂರನೆಯದೊಂದು ಸೇರ್ಕೊಂಡಿತು: ಕೋಚಿಂಗ್. ನೀಟ್, ಜೆಇಇ, ಸಿಇಟಿ. ಆರನೇ ತರಗತಿಯ ಮಗುವಿಗೂ ‘ಫೌಂಡೇಶನ್’ ಅಂತ ಒಂದು ಸಾಲು ಬಿಲ್ಲಿನಲ್ಲಿ ಕೂತಿತು. ಹೀಗೆ ಮೂರೂ ಒಂದೇ ಮೊತ್ತದಲ್ಲಿ ಬಂದಾಗ ಯಾವುದಕ್ಕೆ ಎಷ್ಟು ಕೊಡ್ತಿದ್ದೀವಿ ಅನ್ನೋದೇ ಕಾಣಿಸಲ್ಲ.

ಅಪ್ಪ ಅಮ್ಮಂದಿರಿಗೆ ಸರ್ಕಾರ ಕೊಟ್ಟ ನೆರವು? ಸಂಬಳದಾರರಿಗೆ ಮಗುವಿನ ಹಾಸ್ಟೆಲ್ ಭತ್ಯೆಯ ಮೇಲಿನ ಆದಾಯ ತೆರಿಗೆ ವಿನಾಯಿತಿ ದಶಕಗಳ ಕಾಲ ತಿಂಗಳಿಗೆ 300 ರೂಪಾಯಿಯಲ್ಲೇ ನಿಂತಿತ್ತು. ಮುನ್ನೂರು! ಅದು ಯಾವ ಕಾಲದ ಹಾಸ್ಟೆಲ್ ಲೆಕ್ಕ ಅಂತ ನೀವೇ ಊಹಿಸಿ. ಸಂಬಳವೇ ಇಲ್ಲದ ರೈತನಿಗೆ ಅದೂ ಇಲ್ಲ. ಅವನ ಲೆಕ್ಕ ಅಡಿಕೆ ಧಾರಣೆಯ ಮೇಲೆ, ಮನೆಯ ಚಿನ್ನದ ಮೇಲೆ, ಕೊನೆಗೆ ಜಮೀನಿನ ಮೇಲೆ.

ಬ್ರಿಟನ್‌ನಲ್ಲೂ ಈ ಜಗಳ ಈಗ ಬಿಸಿಯಾಗೇ ಇದೆ. 2025ರ ಜನವರಿ 1ರಿಂದ ಅಲ್ಲಿನ ಖಾಸಗಿ ಶಾಲೆಗಳ ಫೀಸಿನ ಮೇಲೆ ಶೇಕಡ 20ರ ವ್ಯಾಟ್ ಹಾಕಿದ್ದಾರೆ. ಧರ್ಮ ಸಂಸ್ಥೆಯಾಗಿ ಹುಟ್ಟಿದ ಶಾಲೆ ಧರ್ಮ ಸಂಸ್ಥೆಯಾಗಿ ಉಳಿದಿದೆಯಾ ಅನ್ನೋದೇ ಅಲ್ಲಿನ ಮೂಲ ಪ್ರಶ್ನೆ.

ಹಾಗಾದ್ರೆ ಇವತ್ತು ಆಯ್ಕೆ ಮಾಡುವವರು ಏನು ಕೇಳಬೇಕು?

ಇತಿಹಾಸ ಹೇಳಿ ಕೈತೊಳ್ಕೊಳ್ಳೋದು ಬೇಡ. ಈ ಆರು ನೂರು ವರ್ಷದಿಂದ ಒಬ್ಬ ಅಪ್ಪ ಅಥವಾ ಅಮ್ಮ ಶಾಲೆಯ ಆಫೀಸಿನಲ್ಲಿ ಕೇಳಬಹುದಾದ ಕೆಲವು ಪ್ರಶ್ನೆಗಳು ಹುಟ್ಟುತ್ತವೆ.

ಮೊದಲನೆಯದು, ಈ ಶಾಲೆ ಯಾರ ದುಡ್ಡಲ್ಲಿ ನಡೀತಿದೆ? ದತ್ತಿ, ಟ್ರಸ್ಟು, ಮಠ, ಹಳೇ ವಿದ್ಯಾರ್ಥಿಗಳ ನಿಧಿ ಏನಾದರೂ ಇದೆಯಾ, ಅಥವಾ ಪೂರ್ತಿ ಫೀಸಾ? ಪೂರ್ತಿ ಫೀಸಿನ ಮೇಲೆ ನಿಂತ ಶಾಲೆ ಕೆಟ್ಟದ್ದು ಅಂತೇನಿಲ್ಲ. ಆದರೆ ಒಂದು ವರ್ಷ ಅಡ್ಮಿಷನ್ ಕಡಿಮೆಯಾದರೆ ಅಲ್ಲಿ ಮೊದಲು ಕತ್ತರಿ ಬೀಳೋದು ಮೆಸ್ಸಿಗಾ, ಮೇಷ್ಟ್ರ ಸಂಬಳಕ್ಕಾ ಅಂತ ಯೋಚನೆ ಮಾಡ್ಬೇಕು.

ಎರಡನೆಯದು, ಮೂರು ಬಿಲ್ಲುಗಳನ್ನ ಬಿಡಿಸಿ ಕೇಳಿ. ಪಾಠಕ್ಕೆ ಎಷ್ಟು, ಊಟ ವಸತಿಗೆ ಎಷ್ಟು, ಕೋಚಿಂಗಿಗೆ ಎಷ್ಟು. ಠೇವಣಿ ವಾಪಸು ಬರುತ್ತಾ? ಮಗು ನಡುವೆ ಬಿಟ್ಟು ಬಂದರೆ ಉಳಿದ ದುಡ್ಡು ಏನಾಗುತ್ತೆ? ಬಾಯಿ ಮಾತಲ್ಲಿ ಬೇಡ, ರಸೀದಿಯಲ್ಲಿ, ಬರವಣಿಗೆಯಲ್ಲಿ.

ಮೂರನೆಯದು, ಒಂದು ವರ್ಷದ ಲೆಕ್ಕ ಹಾಕಬೇಡಿ, ಪೂರ್ತಿ ದಾರಿಯ ಲೆಕ್ಕ ಹಾಕಿ. ಉದಾಹರಣೆಗೆ ಅಂತ ಇಟ್ಕೊಳ್ಳಿ, ಆರನೇ ತರಗತಿಗೆ ಮೂರು ಲಕ್ಷ, ವರ್ಷಕ್ಕೆ ಶೇಕಡ ಹತ್ತು ಏರುತ್ತೆ. ದ್ವಿತೀಯ ಪಿಯುಸಿ ಹೊತ್ತಿಗೆ ಆ ವರ್ಷದ ಫೀಸೇ ಐದು ಲಕ್ಷದ ಮೂವತ್ತು ಸಾವಿರ ದಾಟುತ್ತೆ. ಏಳು ವರ್ಷದ ಒಟ್ಟು ಮೊತ್ತ ಇಪ್ಪತ್ತೆಂಟು ಲಕ್ಷಕ್ಕೂ ಮೇಲೆ. ಮೊದಲ ವರ್ಷದ ಮೂರು ಲಕ್ಷ ಹೊಂದಿಸಿದ ಮಾತ್ರಕ್ಕೆ ಶಾಲೆ ಹೊಂದಿಸಿದ ಹಾಗಾಗಲ್ಲ. ಎಂಟನೇ ತರಗತಿಯಲ್ಲಿ ಮಗುವನ್ನ ವಾಪಸು ಕರ್ಕೊಂಡು ಬರೋ ಪರಿಸ್ಥಿತಿ ಬಂದ್ರೆ ಅದರ ಪೆಟ್ಟು ಬೀಳೋದು ಮಗುವಿಗೆ.

ನಾಲ್ಕನೆಯದು, ಈ ದುಡ್ಡು ಮನೆಯಲ್ಲಿ ಇನ್ಯಾರ ಪಾಲಿನದು? ಕೇಳೋಕೆ ಕಹಿ ಪ್ರಶ್ನೆ. ಮಗನನ್ನ ವಸತಿ ಶಾಲೆಗೆ ಕಳಿಸಿ ಮಗಳನ್ನ ಊರ ಶಾಲೆಗೆ ಹಾಕುವ ಲೆಕ್ಕ ನಮ್ಮಲ್ಲಿ ಹಳೆಯದು. ಎಪ್ಪತ್ತು ಹುಡುಗರ ವಿಂಚೆಸ್ಟರ್‌ನಿಂದ ಹಿಡಿದು ನಮ್ಮ ಸಂಘಗಳ ಮೊದಲ ಹಾಸ್ಟೆಲ್‌ಗಳವರೆಗೆ ಹೆಣ್ಣುಮಕ್ಕಳು ಬಾಗಿಲ ಹೊರಗೇ ನಿಂತಿದ್ದರು. ಆ ಬಾಗಿಲನ್ನ ನಮ್ಮ ಮನೆಯಲ್ಲಿ ನಾವೇ ಮತ್ತೆ ಮುಚ್ಚಬಾರದು.

ಐದನೆಯದು, ನವೋದಯ, ಮೊರಾರ್ಜಿ, ಸೈನಿಕ ಶಾಲೆ ಪರೀಕ್ಷೆಗಳನ್ನ ಬರೆಸಿದ್ದೀರಾ? ಹತ್ತಿರದ ಮಠದ, ಸಂಘದ, ಇಲಾಖೆಯ ಹಾಸ್ಟೆಲ್ ಜೊತೆ ಒಳ್ಳೇ ಸರ್ಕಾರಿ ಹೈಸ್ಕೂಲು ಸೇರಿಸಿದರೆ ಹೇಗೆ ಅಂತ ನೋಡಿದ್ದೀರಾ? ನಮ್ಮ ಅಜ್ಜಂದಿರು ಮಾಡಿದ ಲೆಕ್ಕ ಅದು. ಹಳೇದಾಯ್ತು ಅಂತ ಬಿಡೋ ಹಾಗಿಲ್ಲ, ಅದಿನ್ನೂ ಚಾಲ್ತಿಯಲ್ಲಿದೆ.

ಮತ್ತೆ, ಇದನ್ನೆಲ್ಲ ಕೇಳೋ ಮೊದಲು ಮಗುವನ್ನ ಕೇಳಿ. ಹೋಗ್ತೀಯಾ ಅಂತ. ಹತ್ತು ಹನ್ನೊಂದು ವರ್ಷದ ಮಗು ‘ಬೇಡ’ ಅಂದರೆ ಅದಕ್ಕೊಂದು ಕಾರಣ ಇರುತ್ತೆ. ‘ಹೂಂ’ ಅಂದ್ರೂ ಒಂದು ಕಾರಣ ಇರುತ್ತೆ.

ಕೊನೆಯದಾಗಿ ಒಂದು ಮಾತು. ಈ ಆರು ಶತಮಾನದ ಕಥೆಯಲ್ಲಿ ನನಗೆ ಎದ್ದು ಕಾಣೋದು ಇಷ್ಟು. ದುಡ್ಡು ಎಲ್ಲಿಂದ ಬರುತ್ತೋ ಶಾಲೆ ಆ ಕಡೆಗೆ ಮುಖ ಮಾಡಿ ನಿಲ್ಲುತ್ತೆ. ಸಿದ್ಧಗಂಗೆಯ ಅಡುಗೆಮನೆ ರೈತನ ಕಡೆ ಮುಖ ಮಾಡಿತ್ತು, ಮೇಯೋ ಸಾಮ್ರಾಜ್ಯದ ಕಡೆ, ಈಟನ್ ನಿಧಾನಕ್ಕೆ ತಿರುಗಿ ಫೀಸು ಕೊಡುವವರ ಕಡೆ. ನೀವು ಫೀಸು ಕಟ್ಟುವವರಾದರೆ ಆ ಮುಖ ನಿಮ್ಮ ಕಡೆಗಿದೆ, ಹಾಗಾಗಿ ಸಂಕೋಚ ಬೇಡ, ಲೆಕ್ಕ ಕೇಳಿ. ಕಟ್ಟಲಾಗದವರಾದರೆ ನಿಮ್ಮ ಮಗುವಿನ ಕಡೆ ಮುಖ ಮಾಡಿದ ಶಾಲೆ ಇರಬೇಕಾದದ್ದು ಸರ್ಕಾರದ ಬಜೆಟ್ಟಿನಲ್ಲಿ. ಅಲ್ಲಿ ನವೋದಯದ, ಮೊರಾರ್ಜಿಯ, ಇಲಾಖೆ ಹಾಸ್ಟೆಲ್ಲಿನ ಸೀಟು ಹೆಚ್ಚಿಸಿ ಅಂತ ಕೇಳೋದು ಭಿಕ್ಷೆಯಲ್ಲ. ಆ ಮಾತನ್ನ ಐವತ್ತು ವರ್ಷದ ಹಿಂದೆಯೇ ಈ ನಾಡು ಒಮ್ಮೆ ತೀರ್ಮಾನ ಮಾಡಿತ್ತು.